ಹೃದಯದೋಷವಿರುವ ಕೂಸಿಗೆ ಚಲನೆ ಕಲಿಸುವ ಬಗೆ: ಮೊದಲ ವರ್ಷದ ಫಿಸಿಯೋಥೆರಪಿ

ಹೃದಯದ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಬಂದ ಕೂಸನ್ನು ಮನೆಯವರೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ. ಅತ್ತರೆ ಎದೆಬಡಿತ ಹೆಚ್ಚೀತು ಎಂದು ಅಳಲು ಬಿಡುವುದಿಲ್ಲ, ಬೋರಲು ಹಾಕಿದರೆ ಹೊಲಿಗೆಗೆ ನೋವಾದೀತು ಎಂದು ದಿನವಿಡೀ ಅಂಗಾತವೇ ಮಲಗಿಸಿರುತ್ತಾರೆ, ಆಟಕ್ಕೆ ಕರೆದರೆ ದಣಿದೀತು ಎಂದು ಸುಮ್ಮನಿರುತ್ತಾರೆ. ಈ ಎಚ್ಚರವೆಲ್ಲ ಪ್ರೀತಿಯಿಂದಲೇ ಬಂದದ್ದು. ಆದರೆ ಹೀಗೆ ನಾಲ್ಕೈದು ತಿಂಗಳು ಕಳೆಯುವಷ್ಟರಲ್ಲಿ ಹೃದಯ ಸುಧಾರಿಸಿಕೊಂಡಿದ್ದರೂ ಮಗುವಿನ ಕತ್ತು ನಿಂತಿರುವುದಿಲ್ಲ, ಕೈಗಳು ಎದೆಯ ನಡುವೆ ಒಂದಾಗುವುದಿಲ್ಲ, ತಲೆಯ ಒಂದು ಪಕ್ಕ ಚಪ್ಪಟೆಯಾಗಿರುತ್ತದೆ. ಇಂಥ ಮಗುವಿಗೆ ಚಲನೆಯೂ ಒಂದು ಔಷಧಿಯಿದ್ದಂತೆ. ಅದನ್ನು ಪ್ರಮಾಣ ನೋಡಿ, ಹೊತ್ತು ನೋಡಿ, ಮಗುವಿನ ಮುಖ ನೋಡಿ ಕೊಡಬೇಕು. ಹೇಗೆ ಕೊಡಬೇಕು ಎಂಬುದನ್ನು ತಂದೆತಾಯಿಯರಿಗೂ ಮಗುವನ್ನು ನೋಡಿಕೊಳ್ಳುವ ಹಿರಿಯರಿಗೂ ತಿಳಿಯುವಂತೆ ಇಲ್ಲಿ ವಿವರಿಸಿದ್ದೇನೆ. ಮಗುವನ್ನು ಪರೀಕ್ಷಿಸಿದ ಹೃದ್ರೋಗ ತಜ್ಞರ ಮತ್ತು ಫಿಸಿಯೋಥೆರಪಿಸ್ಟರ ಮಾತು ಇದಕ್ಕಿಂತ ಭಿನ್ನವಾಗಿದ್ದರೆ ಅವರ ಮಾತೇ ನಡೆಯಬೇಕು.

ವಿಳಂಬ ಏಕೆ ಆಗುತ್ತದೆ

ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು ಒಂದಕ್ಕೆ ಹೃದಯದ ರಚನೆಯಲ್ಲಿ ಯಾವುದಾದರೊಂದು ದೋಷವಿರುತ್ತದೆ. ಹೃದಯದ ಗೋಡೆಯಲ್ಲಿನ ಸಣ್ಣ ರಂಧ್ರ ತಾನಾಗಿಯೇ ಮುಚ್ಚಿಕೊಂಡು, ಮಗು ಎಲ್ಲರಂತೆ ಬೆಳೆಯುವುದುಂಟು. ವಿಳಂಬದ ಸಾಧ್ಯತೆ ಹೆಚ್ಚಿರುವುದು ಮೊದಲ ವರ್ಷದೊಳಗೆ ತೆರೆದ ಹೃದಯದ ಶಸ್ತ್ರಚಿಕಿತ್ಸೆ ಬೇಕಾದ ಮಕ್ಕಳಲ್ಲಿ, ಮೈ ನೀಲಿಗಟ್ಟುವ ದೋಷಗಳಿರುವ ಮಕ್ಕಳಲ್ಲಿ ಮತ್ತು ಹೃದಯದ ಒಂದೇ ಕೋಣೆ ಕೆಲಸ ಮಾಡುವ ಮಕ್ಕಳಲ್ಲಿ. ಇವರಲ್ಲಿ ಕೆಲವರಿಗೆ ಗರ್ಭದಲ್ಲಿದ್ದಾಗಲೇ ಮಿದುಳಿಗೆ ತಲುಪುವ ಆಮ್ಲಜನಕ ಕಡಿಮೆಯಿದ್ದು, ಹುಟ್ಟುವ ಹೊತ್ತಿಗೆ ಮಿದುಳಿನ ಬೆಳವಣಿಗೆ ಕೆಲವು ವಾರ ಹಿಂದೆ ಉಳಿದಿರುತ್ತದೆ. ಅದರ ಮೇಲೆ ಶಸ್ತ್ರಚಿಕಿತ್ಸೆ, ತೀವ್ರ ನಿಗಾ ಘಟಕದ ವಾಸ, ನಿದ್ರೆಯ ಔಷಧಿ, ಕೈಕಾಲಿಗೆ ಕಟ್ಟಿದ ಕೊಳವೆಗಳು, ಹಾಲು ಕುಡಿಯುವುದೇ ಒಂದು ದುಡಿಮೆಯಾಗುವಷ್ಟು ಸುಸ್ತು, ಇವೆಲ್ಲ ಸೇರುತ್ತವೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದೋಷವೂ ಇರುವುದರಿಂದ, ಸ್ನಾಯುಗಳ ಸಡಿಲತೆ ಅವರಿಗೆ ಇನ್ನೊಂದು ಹೊರೆ.

ಈ ಕಾರಣಗಳನ್ನು ಹೇಳುವುದಕ್ಕೆ ಒಂದು ಉದ್ದೇಶವಿದೆ. ಮಗು ಮಗುಚಿಕೊಳ್ಳಲಿಲ್ಲ, ಕೂರಲಿಲ್ಲ ಎಂದಾಗ ತಾಯಿಯೇ ಏನೋ ತಪ್ಪು ಮಾಡಿದಳೆಂಬ ಭಾವನೆ ಮನೆಯಲ್ಲಿ ಬೆಳೆಯುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅದು ಅನ್ಯಾಯ. ವಿಳಂಬದ ಬೇರು ಬಹುಪಾಲು ಆಕೆಯ ಕೈಯಲ್ಲಿ ಇಲ್ಲದ ಸಂಗತಿಗಳಲ್ಲಿದೆ. ಅದನ್ನು ತಗ್ಗಿಸುವ ಅವಕಾಶ ಮಾತ್ರ ಮನೆಯ ಎಲ್ಲರ ಕೈಯಲ್ಲೂ ಇದೆ.

ಆರಂಭಿಸುವ ಮೊದಲು ಕೇಳಬೇಕಾದದ್ದು

ಆಸ್ಪತ್ರೆಯಿಂದ ಹೊರಡುವ ದಿನ ಔಷಧಿಗಳ ಚೀಟಿಯ ಜೊತೆಗೆ ಕೆಲವು ಉತ್ತರಗಳನ್ನೂ ಬರೆದುಕೊಂಡು ಬರಬೇಕು. ವಿಶ್ರಾಂತಿಯಲ್ಲಿದ್ದಾಗ ಈ ಮಗುವಿನ ಆಮ್ಲಜನಕದ ಮಟ್ಟ ಎಷ್ಟಿರಬೇಕು, ಎಷ್ಟಕ್ಕೆ ಇಳಿದರೆ ಕರೆ ಮಾಡಬೇಕು ಎಂಬುದು ಮೊದಲ ಪ್ರಶ್ನೆ. ಎಲ್ಲ ಮಕ್ಕಳಿಗೂ ಒಂದೇ ಅಂಕಿ ಅನ್ವಯಿಸುವುದಿಲ್ಲ. ಒಂದೇ ಕೋಣೆಯ ಹೃದಯಕ್ಕೆ ಮೊದಲ ಹಂತದ ಶಸ್ತ್ರಚಿಕಿತ್ಸೆಯಾಗಿ ಎರಡನೆಯದಕ್ಕೆ ಕಾಯುತ್ತಿರುವ ಮಗುವಿಗೆ ಸಾಮಾನ್ಯವಾಗಿ 75ರಿಂದ 85 ಪ್ರತಿಶತವೇ ಸರಿಯಾದ ಮಟ್ಟವಾಗಿರುತ್ತದೆ; ದೋಷ ಪೂರ್ತಿ ಸರಿಯಾದ ಮಗುವಿನಲ್ಲಿ ಅದೇ ಅಂಕಿ ಕಂಡರೆ ತುರ್ತು ಪರಿಸ್ಥಿತಿ. ಎರಡನೆಯ ಪ್ರಶ್ನೆ, ಎದೆಮೂಳೆಯನ್ನು ತೆರೆದಿದ್ದರೆ ಎಷ್ಟು ವಾರಗಳ ಎಚ್ಚರಿಕೆ ಬೇಕು ಎಂಬುದು. ಹೆಚ್ಚಿನ ಕಡೆ 6ರಿಂದ 8 ವಾರ ಎನ್ನುತ್ತಾರೆ, ಕೆಲವು ಶಸ್ತ್ರಚಿಕಿತ್ಸಕರು ಇನ್ನೂ ಬೇಗ ಬಿಡುತ್ತಾರೆ. ಬೋರಲು ಮಲಗಿಸುವುದಕ್ಕೆ ಯಾವಾಗಿನಿಂದ ಅನುಮತಿಯಿದೆ ಎಂದು ಬೇರೆಯಾಗಿಯೇ ಕೇಳಿ. ಎಷ್ಟೋ ಮನೆಗಳಲ್ಲಿ ಇದನ್ನು ಯಾರೂ ಕೇಳದ ಕಾರಣಕ್ಕೇ ತಿಂಗಳುಗಟ್ಟಲೆ ಅಂಗಾತದ ವಾಸ ಮುಂದುವರಿಯುತ್ತದೆ. ರಕ್ತ ತೆಳುವಾಗಿಸುವ ಔಷಧಿ ಇದೆಯೇ, ಪೇಸ್‌ಮೇಕರ್ ಇದ್ದರೆ ಅದು ಹೊಟ್ಟೆಯ ಭಾಗದಲ್ಲಿದೆಯೇ, ಶ್ವಾಸಕೋಶದ ರಕ್ತದೊತ್ತಡ ಹೆಚ್ಚಿದೆಯೇ ಎಂಬುದನ್ನೂ ತಿಳಿದಿರಬೇಕು.

ಮಗುವಿನ ಸುಸ್ತನ್ನು ಗುರುತಿಸುವುದು

ಇಡೀ ಚಿಕಿತ್ಸೆಯಲ್ಲಿ ಇದಕ್ಕಿಂತ ಮುಖ್ಯವಾದ ವಿದ್ಯೆ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ. ವ್ಯಾಯಾಮಗಳನ್ನು ಯಾರಾದರೂ ಒಂದು ಗಂಟೆಯಲ್ಲಿ ಕಲಿಸಬಹುದು. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಾತ್ರ ಆಯಾ ಮಗುವಿನಿಂದಲೇ ಕಲಿಯಬೇಕು.

ಮೊದಲು ಮಗು ನೆಮ್ಮದಿಯಾಗಿ ನಿದ್ರಿಸುತ್ತಿರುವಾಗ ಬಟ್ಟೆ ಸರಿಸಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಕೂಸುಗಳ ವಿಷಯದಲ್ಲಿ ಸರಿಬರುವುದಿಲ್ಲ, ಏಕೆಂದರೆ ಅವು ಸ್ವಲ್ಪ ಹೊತ್ತು ಬೇಗಬೇಗ, ಸ್ವಲ್ಪ ಹೊತ್ತು ನಿಧಾನವಾಗಿ ಉಸಿರಾಡುತ್ತವೆ. ಮೂರು ನಾಲ್ಕು ದಿನ ಹೀಗೆ ಎಣಿಸಿದರೆ ನಿಮ್ಮ ಮಗುವಿನ ಸಹಜ ಲೆಕ್ಕ ಸಿಗುತ್ತದೆ. ಶಾಂತವಾಗಿರುವಾಗ ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಮತ್ತು ಅದಕ್ಕೆ ಮೇಲ್ಪಟ್ಟ, ಎರಡರಿಂದ ಹನ್ನೆರಡು ತಿಂಗಳ ಮಗುವಿಗೆ 50 ಮತ್ತು ಅದಕ್ಕೆ ಮೇಲ್ಪಟ್ಟ ಉಸಿರಾಟವನ್ನು ವಿಶ್ವ ಆರೋಗ್ಯ ಸಂಸ್ಥೆ ವೇಗದ ಉಸಿರಾಟ ಎಂದು ಪರಿಗಣಿಸುತ್ತದೆ. ಹೃದಯದೋಷವಿರುವ ಕೆಲವು ಮಕ್ಕಳು ವಿಶ್ರಾಂತಿಯಲ್ಲೂ ಈ ಗಡಿಯ ಆಸುಪಾಸಿನಲ್ಲೇ ಇರುವುದರಿಂದ, ಅವರ ಸಹಜ ಲೆಕ್ಕವನ್ನು ವೈದ್ಯರಿಗೆ ತೋರಿಸಿ ಒಪ್ಪಿಗೆ ಪಡೆದು, ಮುಂದೆ ಅದಕ್ಕೇ ಹೋಲಿಸಿ ನೋಡುವುದು ಒಳ್ಳೆಯದು.

ಇನ್ನು ಆಟದ ನಡುವಿನ ಸುಸ್ತು. ಅದು ಒಮ್ಮೆಲೇ ಬರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಐದು ತಿಂಗಳ ಒಂದು ಹೆಣ್ಣುಕೂಸು ತಾಯಿಯ ತೊಡೆಯ ಮೇಲೆ ಗಿಲಕಿ ನೋಡುತ್ತಿದ್ದುದು ನನಗೆ ನೆನಪಿದೆ. ಮೊದಲು ಕಣ್ಣು ಗಿಲಕಿಯಿಂದ ಜಾರಿ ಗೋಡೆಯ ಕಡೆ ಹೋಯಿತು. ಆಮೇಲೆ ಒಂದು ಆಕಳಿಕೆ, ಎರಡು ಬಿಕ್ಕಳಿಕೆ. ಕೈಬೆರಳುಗಳು ಬಿರಿದು ನಿಂತವು. ಅಷ್ಟರಲ್ಲಿ ಹುಬ್ಬಿನ ಮೇಲೆ, ಕೂದಲಿನ ಅಂಚಿನಲ್ಲಿ ಸಾಸಿವೆಯಷ್ಟು ಬೆವರಿನ ಹನಿಗಳು ಮೂಡಿದ್ದವು. ಅದು ಅಳಲೇ ಇಲ್ಲ. ತಾಯಿ "ಆಡ್ತಾ ಇದೆ" ಎಂದುಕೊಂಡಿದ್ದರು. ಕೂಸು ಆಗಲೇ ಸಾಕೆಂದು ನಾಲ್ಕು ಸಲ ಹೇಳಿಯಾಗಿತ್ತು. ಕಣ್ಣು ತಪ್ಪಿಸುವುದು, ಆಕಳಿಕೆ, ಬಿಕ್ಕಳಿಕೆ, ಬೆರಳು ಬಿಚ್ಚುವುದು, ಬೆನ್ನು ಹಿಂದಕ್ಕೆ ಬಾಗಿಸುವುದು, ಇವು ಕಂಡಾಗ ಆಟ ನಿಲ್ಲಿಸಿ ಮಗುವನ್ನು ಎದೆಗೊರಗಿಸಿಕೊಂಡರೆ ಒಂದೆರಡು ನಿಮಿಷದಲ್ಲಿ ಅದು ಮರಳಿ ಬರುತ್ತದೆ. ಮೂಗಿನ ಹೊಳ್ಳೆ ಅರಳುವುದು, ಪಕ್ಕೆಲುಬುಗಳ ಕೆಳಗೆ ಗುಂಡಿ ಬೀಳುವುದು, ತುಟಿಯ ಸುತ್ತ ಬಣ್ಣ ಮಾಸುವುದು, ಚರ್ಮದ ಮೇಲೆ ಬಲೆಯಂತೆ ಮಚ್ಚೆ ಮೂಡುವುದು ಎರಡನೆಯ ಹಂತ. ಆಗ ಆ ಹೊತ್ತಿನ ಅಭ್ಯಾಸ ಮುಗಿಯಿತೆಂದೇ ತಿಳಿಯಬೇಕು. ಉಸಿರು ಬಿಡುವಾಗ ನರಳುವ ಸದ್ದು, ಹೊಸದಾಗಿ ನೀಲಿಗಟ್ಟುವುದು, ಮೈ ಜೋಲು ಬೀಳುವುದು, ಎಚ್ಚರಿಸಿದರೂ ಕಣ್ಣು ಬಿಡದಿರುವುದು ಕಂಡರೆ ತಡಮಾಡದೆ ತುರ್ತು ಸಹಾಯ ಕರೆಯಬೇಕು.

ಮನೆಯಲ್ಲಿ ಪಲ್ಸ್ ಆಕ್ಸಿಮೀಟರ್ ಇದ್ದರೆ ಅದನ್ನು ಬಳಸಿ. ಆದರೆ ತಣ್ಣಗಿರುವ ಪಾದದ ಮೇಲೂ ಒದೆಯುತ್ತಿರುವ ಕಾಲಿನ ಮೇಲೂ ಅದು ತಪ್ಪು ಅಂಕಿ ತೋರಿಸುತ್ತದೆ. ಯಂತ್ರವೂ ಮಗುವಿನ ಮುಖವೂ ಬೇರೆ ಬೇರೆ ಮಾತು ಹೇಳಿದಾಗ ಮೊದಲು ಮುಖವನ್ನು ನೋಡಿ, ಪಾದ ಬೆಚ್ಚಗೆ ಮಾಡಿ, ಮತ್ತೊಮ್ಮೆ ಅಳೆಯಿರಿ. ಅಂಕಿ ಚೆನ್ನಾಗಿದ್ದು ಮಗು ಕಷ್ಟಪಡುತ್ತಿದ್ದರೆ ಅಂಕಿಯನ್ನು ನಂಬಿ ಕೂರಬಾರದು.

ಹೊತ್ತು ಮತ್ತು ಪ್ರಮಾಣ

ಹಾಲು ಕುಡಿಯುವುದೇ ಈ ಮಕ್ಕಳ ದಿನದ ದೊಡ್ಡ ವ್ಯಾಯಾಮ. ತೂಕ ಹೆಚ್ಚಲು ಅವರಿಗೆ ಬೇರೆ ಮಕ್ಕಳಿಗಿಂತ ಹೆಚ್ಚು ಕ್ಯಾಲೊರಿಯೂ ಬೇಕು. ಆದ್ದರಿಂದ ಹಾಲೂಡಿಸುವ ಮುಂಚೆಯೇ ಮಗುವನ್ನು ದಣಿಸಿಬಿಟ್ಟರೆ ಫಿಸಿಯೋಥೆರಪಿಯ ಲಾಭ ತೂಕದಲ್ಲಿ ನಷ್ಟವಾಗುತ್ತದೆ. ಹಾಲು ಕುಡಿದು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕಳೆದ ಮೇಲೆ, ಮುಂದಿನ ಹಾಲಿಗೆ ಇನ್ನೂ ಹೊತ್ತಿರುವಾಗ, ಮಗು ಎಚ್ಚರವಾಗಿ ಶಾಂತವಾಗಿರುವ ಸಮಯವೇ ಸರಿಯಾದದ್ದು. ದಿನಕ್ಕೆ ಒಮ್ಮೆ ಅರ್ಧ ಗಂಟೆ ಮಾಡಿಸುವುದಕ್ಕಿಂತ ಎಂಟು ಹತ್ತು ಸಲ ಒಂದೆರಡು ನಿಮಿಷ ಮಾಡಿಸುವುದು ಎಷ್ಟೋ ಮೇಲು. ಡಯಾಪರ್ ಬದಲಿಸಿದಾಗಲೆಲ್ಲ ಒಂದು ನಿಮಿಷ ಎಂದು ಗಂಟು ಹಾಕಿಕೊಂಡರೆ ಬೇರೆ ಸಮಯ ಹುಡುಕಬೇಕಾಗಿಯೂ ಇಲ್ಲ. ಜ್ವರ, ನೆಗಡಿ, ಭೇದಿ ಇರುವ ದಿನ ಎತ್ತಿಕೊಳ್ಳುವುದು, ಮಗ್ಗುಲು ಬದಲಿಸುವುದು ಇಷ್ಟು ಸಾಕು.

ಎತ್ತುವುದು

ಎದೆಮೂಳೆ ಕೂಡುವವರೆಗೆ ಮಗುವನ್ನು ಕಂಕುಳಿಗೆ ಕೈ ಹಾಕಿ ಎತ್ತಬಾರದು, ಎರಡು ಕೈ ಹಿಡಿದು ಎಳೆದು ಕೂರಿಸಬಾರದು. ಹಾಗೆ ಮಾಡಿದಾಗ ಭುಜದಿಂದ ಬರುವ ಸೆಳೆತ ನೇರವಾಗಿ ಹೊಲಿದ ಮೂಳೆಯ ಮೇಲೆ ಬೀಳುತ್ತದೆ. ಒಂದು ಅಂಗೈಯನ್ನು ತಲೆ ಮತ್ತು ಭುಜಗಳ ಕೆಳಗೆ, ಇನ್ನೊಂದನ್ನು ಕುಂಡೆಯ ಕೆಳಗೆ ತೂರಿಸಿ, ಮೊರದಲ್ಲಿ ಎತ್ತಿದಂತೆ ಇಡೀ ಮೈಯನ್ನು ಒಟ್ಟಿಗೆ ಎತ್ತಬೇಕು. ಸ್ವಲ್ಪ ಚೇತರಿಸಿಕೊಂಡ ಮೇಲೆ ನೇರವಾಗಿ ಎತ್ತದೆ, ಮೊದಲು ಮಗುವನ್ನು ಮೆಲ್ಲನೆ ಒಂದು ಮಗ್ಗುಲಿಗೆ ಹೊರಳಿಸಿ, ಆ ಮಗ್ಗುಲಿನಿಂದ ಎತ್ತಿ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ದಿನಕ್ಕೆ ಇಪ್ಪತ್ತು ಸಲ ಎತ್ತುವ ಮಗುವಿಗೆ ಇದರಿಂದ ಇಪ್ಪತ್ತು ಸಲ ಹೊರಳುವ ಅಭ್ಯಾಸ, ಕತ್ತನ್ನು ತಾನೇ ಸರಿಮಾಡಿಕೊಳ್ಳುವ ಅಭ್ಯಾಸ ಸಿಗುತ್ತದೆ. ಮಗು ತಾನಾಗಿ ಕೈ ಮೇಲೆತ್ತಿ ಆಡಿದರೆ ತಡೆಯಬೇಕಾಗಿಲ್ಲ. ಎಳೆಯುವುದು ನಾವಾಗಬಾರದು, ಅಷ್ಟೆ. ಎದೆಯ ಮೇಲೆ ಕೈಯಿಟ್ಟಾಗ ಮೂಳೆ ಕಟಕಟ ಎಂದರೆ, ಗಾಯ ಕೆಂಪಾಗಿ ಬಿಸಿಯಾದರೆ ಅಥವಾ ಕೀವು ಸೋರಿದರೆ ಅಭ್ಯಾಸ ನಿಲ್ಲಿಸಿ ಅಂದೇ ಆಸ್ಪತ್ರೆಗೆ ತೋರಿಸಬೇಕು.

ಬೋರಲು ಮಲಗಿಸುವುದು

ಕತ್ತು, ಭುಜ, ಬೆನ್ನು ಮೂರಕ್ಕೂ ಬಲ ಬರುವುದು ಬೋರಲಿನಲ್ಲಿ. ಹೃದಯದೋಷವಿರುವ ಮಕ್ಕಳು ಅತಿ ಹೆಚ್ಚು ವಿರೋಧಿಸುವ ಭಂಗಿಯೂ ಇದೇ. ವಿರೋಧಕ್ಕೆ ಕಾರಣವಿದೆ. ನೆಲದ ಮೇಲೆ ಚಪ್ಪಟೆಯಾಗಿ ಬೋರಲು ಹಾಕಿದಾಗ ಹೊಟ್ಟೆ ಒತ್ತಿ ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ, ಉಸಿರಾಟದ ಸ್ನಾಯುವಿನ) ಚಲನೆಗೆ ಅಡ್ಡಿಯಾಗುತ್ತದೆ. ಹೃದಯ ಸೋತು ಯಕೃತ್ತು ಊದಿಕೊಂಡಿದ್ದರೆ ಇನ್ನೂ ಕಷ್ಟ. ಕುಡಿದ ಹಾಲು ಗಂಟಲಿಗೆ ಬರುವ ತೊಂದರೆಯಂತೂ ಈ ಮಕ್ಕಳಲ್ಲಿ ಸಾಮಾನ್ಯ. ಆದ್ದರಿಂದ ನೆಲದಿಂದ ಆರಂಭಿಸಬೇಡಿ.

ಶಸ್ತ್ರಚಿಕಿತ್ಸಕರ ಅನುಮತಿ ದೊರೆತ ಮೇಲೆ, ನೀವು ದಿಂಬುಗಳಿಗೆ ಒರಗಿ ಅರ್ಧ ಮಲಗಿದಂತೆ ಕುಳಿತು ಮಗುವನ್ನು ನಿಮ್ಮ ಎದೆಯ ಮೇಲೆ ಬೋರಲಾಗಿ ಇಟ್ಟುಕೊಳ್ಳಿ. ಅದರ ಮೊಣಕೈಗಳು ಭುಜದ ಕೆಳಗೆ ಬರುವಂತೆ ಒಳಗೆ ಸೇರಿಸಿ. ಒಂದು ಅಂಗೈಯನ್ನು ಅದರ ಕುಂಡೆಯ ಮೇಲಿಟ್ಟು, ಪಾದಗಳ ಕಡೆಗೆ ಹಗುರವಾಗಿ ಒತ್ತಿದಂತೆ ಹಿಡಿಯಿರಿ. ಭಾರ ಕೆಳಕ್ಕೆ ಸರಿದು ತಲೆ ಹಗುರವಾಗುತ್ತದೆ, ಮಗು ನಿಮ್ಮ ಮುಖ ನೋಡಲು ತಾನೇ ಕತ್ತೆತ್ತುತ್ತದೆ. ನೀವು ಎಷ್ಟು ನೆಟ್ಟಗೆ ಕೂರುತ್ತೀರೋ ಅಷ್ಟು ಅದಕ್ಕೆ ಸುಲಭ, ಎಷ್ಟು ಹಿಂದಕ್ಕೆ ಒರಗುತ್ತೀರೋ ಅಷ್ಟು ಕಷ್ಟ. ಹೀಗೆ ನಿಮ್ಮ ಬೆನ್ನಿನ ಕೋನವೇ ವ್ಯಾಯಾಮದ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡುವ ಸಾಧನವಾಗುತ್ತದೆ. ಮೊದಲ ವಾರ ಅರ್ಧ ನಿಮಿಷ ಸಾಕು. ಕತ್ತೆತ್ತಿ ಮೂರು ಉಸಿರು ನಿಲ್ಲಿಸಿದರೆ ಅದು ದೊಡ್ಡ ಕೆಲಸವೇ, ಅಲ್ಲಿಗೇ ಹೊಗಳಿ ಮಗ್ಗುಲಿಗೆ ಹೊರಳಿಸಿ. ಎರಡು ಮೂರು ವಾರಗಳಲ್ಲಿ ಒಂದೆರಡು ನಿಮಿಷಕ್ಕೆ ಬಂದಾಗ ನಿಮ್ಮ ತೊಡೆಗೆ ಅಡ್ಡವಾಗಿ, ಆಮೇಲೆ ನೆಲದ ಮೇಲೆ ಸುರುಳಿ ಸುತ್ತಿದ ಟವೆಲ್‌ನ ಆಸರೆಯಲ್ಲಿ ಮಲಗಿಸಬಹುದು. ಟವೆಲ್ ಕಂಕುಳಿನ ನೇರದಲ್ಲಿದ್ದು ಕೈಗಳು ಅದರ ಮುಂದಕ್ಕೆ ಬರಬೇಕು; ಹೊಲಿಗೆಯ ಗೆರೆಯನ್ನಾಗಲಿ ಹೊಟ್ಟೆಯಲ್ಲಿನ ಪೇಸ್‌ಮೇಕರನ್ನಾಗಲಿ ಅದು ಒತ್ತಬಾರದು. ಮೂಗಿನ ಕೊಳವೆ ಇದ್ದರೆ ಅದನ್ನು ಕೆನ್ನೆಗೆ ಭದ್ರವಾಗಿ ಅಂಟಿಸಿ, ಉಳಿದ ಉದ್ದವನ್ನು ಬೆನ್ನ ಹಿಂದಕ್ಕೆ ಸರಿಸಿಡಿ.

ಬೋರಲು ಎಚ್ಚರವಿರುವಾಗ ಮಾತ್ರ, ದೊಡ್ಡವರ ಕಣ್ಣೆದುರು ಮಾತ್ರ. ನಿದ್ದೆಗೆ ಅಂಗಾತವೇ ಸರಿ. ಎದೆಯ ಮೇಲೆ ಮಗು ನಿದ್ದೆಹೋದರೆ, ನಿಮಗೂ ಜೋಂಪು ಹತ್ತುವ ಮೊದಲೇ ಅದನ್ನು ಅದರ ಹಾಸಿಗೆಗೆ ಮಲಗಿಸಿ.

ತಲೆ ಒಂದೇ ಕಡೆ ತಿರುಗುವುದು, ಕೈ ಒಂದಾಗದಿರುವುದು

ಆಸ್ಪತ್ರೆಯಲ್ಲಿ ಕತ್ತಿನ ಒಂದು ಕಡೆ ಕೊಳವೆ ಹಾಕಿದ್ದರೆ ಮಗು ವಾರಗಟ್ಟಲೆ ಇನ್ನೊಂದು ಕಡೆಗೇ ತಿರುಗಿ ಮಲಗಿರುತ್ತದೆ. ಮನೆಗೆ ಬಂದ ಮೇಲೂ ಆ ಅಭ್ಯಾಸ ಬಿಡುವುದಿಲ್ಲ. ತಲೆಬುರುಡೆ ಆ ಪಕ್ಕ ಚಪ್ಪಟೆಯಾಗುತ್ತದೆ, ಕತ್ತಿನ ಸ್ನಾಯು ಮೊಟಕಾಗುತ್ತದೆ. ತಲೆಯನ್ನು ಹಿಡಿದು ಬಲವಂತವಾಗಿ ತಿರುಗಿಸಬೇಡಿ. ಮಲಗಿಸುವ ದಿಕ್ಕನ್ನು ಬದಲಿಸಿ, ಬಾಗಿಲು, ಕಿಟಕಿ, ಮಾತಿನ ಸದ್ದು ಎಲ್ಲವೂ ಅದು ತಿರುಗದ ಕಡೆಯಿಂದ ಬರುವಂತೆ ಮಾಡಿ. ಮಗ್ಗುಲಾಗಿ ಮಲಗಿಸಿ ಬೆನ್ನಿಗೆ ಸುರುಳಿ ಟವೆಲ್ ಆಸರೆ ಕೊಟ್ಟರೆ ಭೂಮಿಯ ಸೆಳೆತವೇ ಎರಡು ಕೈಗಳನ್ನು ಎದೆಯ ಮುಂದೆ ತರುತ್ತದೆ, ಮಗು ಬಾಯಿಗೆ ಕೈ ಒಯ್ಯಲು, ಬೆರಳು ಹಿಡಿಯಲು ಕಲಿಯುತ್ತದೆ. ಸುಸ್ತು ಹೆಚ್ಚಿರುವ ಮಗುವಿಗೆ ಆಡಲು ಇದಕ್ಕಿಂತ ಸುಲಭದ ಭಂಗಿ ಇಲ್ಲ. ಇದೂ ಎಚ್ಚರವಿರುವಾಗಿನ ಭಂಗಿಯೇ. ಕಾಲುಗಳು ಕಪ್ಪೆಯಂತೆ ಅಗಲವಾಗಿ ಬಿದ್ದಿರುವ ಸಡಿಲ ಮೈಯ ಮಕ್ಕಳಿಗೆ, ಆಟದ ಹೊತ್ತಿನಲ್ಲಿ ತೊಡೆಗಳ ಹೊರಬದಿಗೆ ಟವೆಲ್ ಸುರುಳಿಗಳನ್ನಿಟ್ಟು ಮೊಣಕಾಲು ಮೇಲ್ಮುಖವಾಗಿರುವಂತೆ ಮಾಡಿ.

ಕೂರುವುದು, ನಿಲ್ಲುವುದು

ಕತ್ತು ನಿಂತ ಮೇಲೆ ಮಗುವನ್ನು ನಿಮ್ಮ ತೊಡೆಯ ಮೇಲೆ, ಬೆನ್ನು ನಿಮ್ಮ ಹೊಟ್ಟೆಗೆ ಆನುವಂತೆ ಕೂರಿಸಿ, ಪಕ್ಕೆಗಳನ್ನು ಎರಡೂ ಕೈಯಿಂದ ಹಿಡಿಯಿರಿ. ವಾರಗಳು ಕಳೆದಂತೆ ನಿಮ್ಮ ಹಿಡಿತವನ್ನು ಪಕ್ಕೆಯಿಂದ ಸೊಂಟಕ್ಕೆ ಇಳಿಸುತ್ತ ಬನ್ನಿ. ಹಿಡಿತ ಇಳಿದಷ್ಟೂ ಮಗುವಿನ ದುಡಿಮೆ ಹೆಚ್ಚು. ನಾಲ್ಕೂ ಕಡೆ ದಿಂಬು ಜೋಡಿಸಿ ನಡುವೆ ಮಗುವನ್ನು ಕೂರಿಸಿಟ್ಟರೆ ಅದು ಕೂತಂತೆ ಕಾಣುತ್ತದೆ, ಬೆನ್ನು ಮಾತ್ರ ಏನೂ ಕಲಿಯುವುದಿಲ್ಲ. ಚಕ್ರದ ವಾಕರ್ ಬೇಡವೇ ಬೇಡ. ಅದು ನಡಿಗೆಯನ್ನು ಬೇಗ ತರುವುದಿಲ್ಲ, ಬಿದ್ದು ಪೆಟ್ಟಾಗುವ ಅಪಾಯಕ್ಕಾಗಿ ಕೆನಡಾ ಅದರ ಮಾರಾಟವನ್ನು 2004ರಲ್ಲೇ ನಿಷೇಧಿಸಿದೆ. ರಕ್ತ ತೆಳುವಾಗಿಸುವ ಔಷಧಿ ಪಡೆಯುತ್ತಿರುವ ಮಗುವಿಗೆ ಅಂಥ ಪೆಟ್ಟು ಇನ್ನೂ ದುಬಾರಿ.

ದೋಷಕ್ಕೆ ತಕ್ಕ ಎಚ್ಚರ

ಫ್ಯಾಲಟ್‌ನ ಟೆಟ್ರಾಲಜಿ (ಮೈ ನೀಲಿಗಟ್ಟುವ ಹೃದಯದೋಷಗಳಲ್ಲೊಂದು) ಇದ್ದು ಇನ್ನೂ ಶಸ್ತ್ರಚಿಕಿತ್ಸೆಯಾಗದ ಮಗುವಿನಲ್ಲಿ ಅಳು, ಹಾಲು ಕುಡಿಯುವ ಶ್ರಮ, ಮಲವಿಸರ್ಜನೆಯ ತಿಣುಕಾಟ ಇವುಗಳಿಂದ ಹಠಾತ್ತನೆ ಕಡುನೀಲಿಯಾಗುವ ಸ್ಥಿತಿ ಬರಬಹುದು. ಆಗ ಗಾಬರಿಯಾಗದೆ ಮಗುವಿನ ಮೊಣಕಾಲುಗಳನ್ನು ಎದೆಗೆ ಒತ್ತಿ ಹಿಡಿದು, ಎದೆಗವಚಿಕೊಂಡು ಸಮಾಧಾನಪಡಿಸುತ್ತಲೇ ತುರ್ತು ಸಹಾಯ ಕರೆಯಬೇಕು. ಇಂಥ ಮಗುವಿಗೆ ಅಳಿಸಿ ಅಳಿಸಿ ವ್ಯಾಯಾಮ ಮಾಡಿಸುವುದಂತೂ ಸಲ್ಲದು. ಶ್ವಾಸಕೋಶದ ರಕ್ತದೊತ್ತಡ ಹೆಚ್ಚಿರುವ ಮಕ್ಕಳಿಗೂ ಇದೇ ಮಾತು. ಒಂದೇ ಕೋಣೆಯ ಹೃದಯಕ್ಕೆ ಎರಡನೆಯ ಹಂತದಲ್ಲಿ ಮಾಡುವ ಗ್ಲೆನ್ ಶಸ್ತ್ರಚಿಕಿತ್ಸೆಯಾದ ಮಗುವಿನ ತಲೆಯ ಭಾಗದ ರಕ್ತ ನೇರವಾಗಿ ಶ್ವಾಸಕೋಶಕ್ಕೆ ಹರಿಯುವುದರಿಂದ, ಮೊದಲ ವಾರಗಳಲ್ಲಿ ತಲೆ ಎತ್ತರದಲ್ಲಿರಬೇಕು. ತಲೆ ಕೆಳಗಾಗುವ ಯಾವ ಆಟವೂ ಬೇಡ. ಡೌನ್ ಸಿಂಡ್ರೋಮ್ ಇರುವ ಮಗುವಿನ ಕತ್ತಿನ ಕೀಲುಗಳು ಸಡಿಲವಾಗಿರಬಹುದಾದ್ದರಿಂದ ಕತ್ತನ್ನು ಒತ್ತಿ ಬಗ್ಗಿಸುವುದು, ತಿರುಚುವುದು ಸರಿಯಲ್ಲ. ಕಫ ತೆಗೆಯಲೆಂದು ಎದೆ ತಟ್ಟುವುದನ್ನು ಮನೆಯಲ್ಲಿ ಯಾರೂ ತಾವಾಗಿ ಮಾಡಬಾರದು, ಎದೆಮೂಳೆ ತೆರೆದ ಮಕ್ಕಳಿಗಂತೂ ಖಂಡಿತ ಕೂಡದು. ಅದು ಬೇಕೋ ಬೇಡವೋ ಎಂಬುದನ್ನು ಚಿಕಿತ್ಸಕರೇ ನಿರ್ಧರಿಸುತ್ತಾರೆ.

ಬೆಳವಣಿಗೆಯನ್ನು ಅಳೆಯುವುದು

ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ಎರಡು ವರ್ಷದವರೆಗೆ ಅದರ ವಯಸ್ಸನ್ನು ಹೆರಿಗೆಗೆ ನಿಗದಿಯಾಗಿದ್ದ ದಿನದಿಂದ ಎಣಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳೊಳಗೆ, ಸ್ವತಂತ್ರವಾಗಿ ನಡೆಯುವುದು 8.2ರಿಂದ 17.6 ತಿಂಗಳೊಳಗೆ. ಈ ಅವಧಿಗಳು ಇಷ್ಟು ವಿಶಾಲವಾಗಿರುವಾಗ ನೆರೆಮನೆಯ ಮಗುವಿನೊಡನೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಫಿಸಿಯೋಥೆರಪಿಸ್ಟರು 58 ಅಂಶಗಳ ಆಲ್ಬರ್ಟಾ ಶಿಶು ಚಲನಾ ಮಾಪನದಂಥ ಪರೀಕ್ಷೆಗಳಿಂದ ಮಗು ಬೋರಲು, ಅಂಗಾತ, ಕೂತ, ನಿಂತ ಭಂಗಿಗಳಲ್ಲಿ ಹೇಗೆ ಚಲಿಸುತ್ತದೆಂದು ನೋಡಿ ಅಂಕ ಹಾಕುತ್ತಾರೆ. ಕಡಿಮೆ ಅಂಕ ಬಂದಿತೆಂದು ಕುಗ್ಗಬೇಕಾಗಿಲ್ಲ. ಎರಡು ತಿಂಗಳ ಬಳಿಕ ಮತ್ತೆ ಅಳೆದಾಗ ಗೆರೆ ಯಾವ ಕಡೆ ಸಾಗಿದೆ ಎಂಬುದು ಹೆಚ್ಚು ಹೇಳುತ್ತದೆ. ಆದರೆ ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂದೇ ಕೈಯನ್ನು ಬಳಸುತ್ತಿದ್ದರೆ, ಕಾಲುಗಳು ಬಿಗಿದುಕೊಂಡು ಕತ್ತರಿಯಂತೆ ಅಡ್ಡವಾಗುತ್ತಿದ್ದರೆ, ಬಂದಿದ್ದ ಕೌಶಲ ಕಾರಣವಿಲ್ಲದೆ ಹೋದರೆ ಮುಂದಿನ ಭೇಟಿಯ ದಿನಕ್ಕಾಗಿ ಕಾಯಬಾರದು. ಶೈಶವದಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆಯಾದ ಮಕ್ಕಳ ಬೆಳವಣಿಗೆಯನ್ನು ಶಾಲಾ ವಯಸ್ಸಿನವರೆಗೂ ಹಂತಹಂತವಾಗಿ ಪರೀಕ್ಷಿಸುತ್ತಿರಬೇಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲೇ ಹೇಳಿದೆ.

ಎರಡನೆಯ, ಮೂರನೆಯ ಶಸ್ತ್ರಚಿಕಿತ್ಸೆ ಬಾಕಿಯಿರುವ ಮಗು, ಅದಾದ ಬಳಿಕ ಕೆಲವು ವಾರ ಹಿಂದಕ್ಕೆ ಸರಿದಂತೆ ಕಾಣುತ್ತದೆ. ಕೂರುತ್ತಿದ್ದ ಮಗು ಒಂದು ಪಕ್ಕಕ್ಕೆ ವಾಲುತ್ತದೆ, ಮಗುಚಿಕೊಳ್ಳುತ್ತಿದ್ದ ಮಗು ಅಂಗಾತವೇ ಇರುತ್ತದೆ. ಆಗ ಬಿಟ್ಟಲ್ಲಿಂದ ಮುಂದುವರಿಸಲು ಹೋಗಬೇಡಿ. ಎದೆಮೂಳೆಯ ವಾರಗಳನ್ನು ಮತ್ತೆ ಹೊಸದಾಗಿ ಎಣಿಸಿ, ಒಪ್ಪಿಗೆ ಸಿಕ್ಕ ದಿನ ದಿಂಬಿಗೆ ಒರಗಿ ಮಗುವನ್ನು ನಿಮ್ಮ ಎದೆಯ ಮೇಲೆ ಬೋರಲಾಗಿ ಇಟ್ಟುಕೊಂಡು, ಮತ್ತೆ ಅರ್ಧ ನಿಮಿಷದಿಂದಲೇ ಆರಂಭಿಸಿ.